ಕೊಡಗಿನ ಕಾಫಿ ಇನ್‌ಸ್ಟಂಟ್ ಪುಡಿ ಆಗೋದು ಬೇರೆ ಊರಲ್ಲಿ ಯಾಕೆ? ನಾವು ಘಟಕ ಎಲ್ಲಿ ಹಾಕಬೇಕು?

ಮಾದಾಪುರ ರೊಬಸ್ಟಾ:

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಮಾದಾಪುರದ ಕಡೆ. ರೊಬಸ್ಟಾ ಜಾಸ್ತಿ, ಸ್ವಲ್ಪ ಅರೇಬಿಕಾ, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಪ್ರತಿ ವರ್ಷ ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿ, ಚೆರಿ (ಸಿಪ್ಪೆ ಸಮೇತ ಒಣಗಿದ ಹಣ್ಣು) ಮೂಟೆಯನ್ನು ಹಾಗೇ ವ್ಯಾಪಾರಿಗೆ ಕೊಟ್ಟು ಸುಮ್ಮನಾಗುತ್ತೇವೆ. ಈ ಸಲ ಅಕ್ಕಪಕ್ಕದ ತೋಟದವರು ಕೆಲವರು ಸೇರಿ ಒಂದು ಘಟಕ ಹಾಕೋಣ ಅಂತ ಮಾತು ಶುರುವಾಗಿದೆ. ಹಲ್ಲಿಂಗ್ (ಒಣಗಿದ ಸಿಪ್ಪೆ ತೆಗೆಯುವುದು), ಗ್ರೇಡಿಂಗ್, ಆಮೇಲೆ ಹುರಿದು ಪುಡಿ ಮಾಡಿ ಪ್ಯಾಕ್ ಮಾಡುವುದು. ಕೈ ಹಿಡಿದರೆ ಮುಂದೆ ಇನ್‌ಸ್ಟಂಟ್ ಕೂಡ.

ಎಲ್ಲಿ ಹಾಕಬೇಕು ಅನ್ನುವಲ್ಲೇ ಮಾತು ನಿಂತಿದೆ. ಒಬ್ಬರು ಮಾದಾಪುರದಲ್ಲೇ ನಮ್ಮ ಜಾಗ ಇದೆಯಲ್ಲ ಅನ್ನುತ್ತಾರೆ. ಇನ್ನೊಬ್ಬರು ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶ ಅನ್ನುತ್ತಾರೆ. ಮೈಸೂರಲ್ಲಿ ಕೆಲಸದಲ್ಲಿರುವ ನನ್ನ ಭಾವ ಅದೆಲ್ಲ ಬೇಡ, ಪಿರಿಯಾಪಟ್ಟಣದ ಕಡೆ ಸಮತಟ್ಟು ಜಾಗ ತಗೊಳ್ಳಿ ಅನ್ನುತ್ತಾರೆ.

ಇನ್ನೊಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವುದು ನಮ್ಮ ಜಿಲ್ಲೆ. ಆದರೆ ನೆಸ್ಲೆ ಕಾರ್ಖಾನೆ ನಂಜನಗೂಡಲ್ಲಿ. ಟಾಟಾದವರ ಕಾಫಿ ವ್ಯವಹಾರಕ್ಕೆ ಪೊಲಿಬೆಟ್ಟದಲ್ಲಿ ಕಚೇರಿ, ಇಲ್ಲೇ ತೋಟ, ಇನ್‌ಸ್ಟಂಟ್ ಘಟಕ ಮಾತ್ರ ತೆಲಂಗಾಣದ ತೂಪ್ರಾನ್ ಮತ್ತು ತಮಿಳುನಾಡಿನ ತೇನಿಯಲ್ಲಿ. ಸಿಸಿಎಲ್ ಅನ್ನುವ ದೊಡ್ಡ ಇನ್‌ಸ್ಟಂಟ್ ಕಂಪನಿ ಇರುವುದು ಗುಂಟೂರು ಜಿಲ್ಲೆಯ ದುಗ್ಗಿರಾಲದಲ್ಲಿ. ಅಲ್ಲಿ ಅರಿಶಿನ, ಮೆಣಸಿನಕಾಯಿ ಬೆಳೆಯುತ್ತಾರೆ, ಸುತ್ತಮುತ್ತ ಒಂದು ಕಾಫಿ ಗಿಡ ಇಲ್ಲ. ಅಷ್ಟು ದೊಡ್ಡವರೇ ಇಲ್ಲಿ ಹಾಕಿಲ್ಲ ಅಂದರೆ ನಾವು ಹಾಕುವುದು ಸರಿಯಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹಳೇ ಕ್ಯೂರಿಂಗ್:

ಒಳ್ಳೆ ಪ್ರಶ್ನೆ ಕೇಳಿದ್ದೀಯ ತಮ್ಮ. ನಾನು ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಹಲ್ಲಿಂಗ್, ಗ್ರೇಡಿಂಗ್ ಮಾಡುವ ಕಡೆ) ಕೆಲಸ ಮಾಡಿ ನಿವೃತ್ತಿ ಆದವನು, ಕುಶಾಲನಗರದಲ್ಲೇ ಮನೆ. ನೀನು ಹಲ್ಲಿಂಗ್, ಹುರಿಯುವುದು, ಇನ್‌ಸ್ಟಂಟ್ ಎಲ್ಲವನ್ನೂ ಒಂದೇ ಘಟಕ ಅಂತ ನೋಡುತ್ತಿದ್ದೀಯ. ಅವು ಮೂರು ಬೇರೆ ಬೇರೆ ಉದ್ಯಮ. ಮೂರಕ್ಕೂ ಬೇಕಾದ ಜಾಗ ಬೇರೆ.

ಮೊದಲು ತೂಕ ನೋಡು. ನೂರು ಕೆಜಿ ಹಣ್ಣು ಕೊಯ್ದರೆ ಕೊನೆಗೆ ಸಿಗುವ ಕ್ಲೀನ್ ಕಾಫಿ, ಅಂದರೆ ಸಿಪ್ಪೆ ಚಿಪ್ಪು ತೆಗೆದ ಬೀಜ, ಐದರಲ್ಲೊಂದು ಭಾಗದ ಆಸುಪಾಸು, ಅಷ್ಟೇ. ಹಸಿ ಹಣ್ಣನ್ನು ದೂರ ಸಾಗಿಸುವುದು ಎಂದರೆ ನೀರಿಗೂ ಸಿಪ್ಪೆಗೂ ಲಾರಿ ಬಾಡಿಗೆ ಕೊಟ್ಟ ಹಾಗೆ. ಜೊತೆಗೆ ಹಣ್ಣು ಕಾಯುವುದಿಲ್ಲ, ರಾಶಿ ಹಾಕಿದರೆ ಹುಳಿ ಬಂದುಬಿಡುತ್ತದೆ. ಅದಕ್ಕೇ ಪಲ್ಪಿಂಗ್ (ಹಸಿ ಹಣ್ಣಿನ ಸಿಪ್ಪೆ ಬಿಡಿಸುವುದು), ಒಣಗಿಸುವುದು ಎರಡೂ ತೋಟದಲ್ಲೇ ಆಗುವುದು, ಬೇರೆ ದಾರಿಯೇ ಇಲ್ಲ. ಒಣಗಿದ ಮೇಲೆ 50 ಕೆಜಿ ರೊಬಸ್ಟಾ ಚೆರಿ ಮೂಟೆಯಲ್ಲಿ 26ರಿಂದ 28 ಕೆಜಿ ಬೀಜ. ಓಟಿ ಅಂತ ನಾವೆಲ್ಲ ಲೆಕ್ಕ ಹಾಕುವುದು ಅದನ್ನೇ ಅಲ್ವಾ. ಉಳಿದದ್ದು ಹೊಟ್ಟು. ಅಂದರೆ ಹಲ್ಲಿಂಗ್‌ನಲ್ಲಿ ಇನ್ನೂ ಅರ್ಧದ ಹತ್ತಿರ ತೂಕ ಹೋಗುತ್ತದೆ. ಹಾಗಾಗಿ ಅದೂ ಬೆಳೆಯುವ ಜಾಗಕ್ಕೆ ಹತ್ತಿರ ಇರಬೇಕು, ಆದರೆ ತೋಟದಲ್ಲೇ ಇರಬೇಕಾಗಿಲ್ಲ. ನಾಲ್ಕು ಕಡೆಯ ಮಾಲು ಬಂದು ಸೇರುವ ಜಾಗ ಬೇಕು. ಕುಶಾಲನಗರ, ಕೂಡಿಗೆ, ಹುಣಸೂರಲ್ಲಿ ಕ್ಯೂರಿಂಗ್ ಬೆಳೆದದ್ದು ಇದರಿಂದಲೇ. ಸೋಮವಾರಪೇಟೆ, ಮಡಿಕೇರಿ, ಸಿದ್ದಾಪುರ ಎಲ್ಲ ಕಡೆಯಿಂದಲೂ ಲಾರಿ ಇಳಿಜಾರಲ್ಲಿ ಬಂದು ಕುಶಾಲನಗರ ಸೇರುತ್ತದೆ, ಅಲ್ಲಿಂದ ಮೈಸೂರಿಗೆ ಸಮತಟ್ಟು ರಸ್ತೆ. ಮಡಿಕೇರಿಗಿಂತ ಮಳೆ ಎಷ್ಟೋ ಕಡಿಮೆ. ಒಣಗಿದ ಬೀಜ ಗಾಳಿಯ ತೇವ ಹೀರಿಕೊಂಡರೆ ಬಣ್ಣ ಬಿಡುತ್ತದೆ, ಗ್ರೇಡ್ ಹೋಗುತ್ತದೆ. ಮಡಿಕೇರಿಯ ಜುಲೈ ತಿಂಗಳಲ್ಲಿ ಗೋದಾಮು ಇಟ್ಟುಕೊಂಡು ನೋಡಿದವರಿಗೆ ಇದು ಗೊತ್ತು.

ಹಿಂದೆ ಹೀಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಕೊಡಗಿನ ಪಾರ್ಚ್‌ಮೆಂಟ್ (ಪಲ್ಪ್ ಮಾಡಿ ಒಣಗಿಸಿದ, ಚಿಪ್ಪಿನೊಳಗಿನ ಬೀಜ) ಎತ್ತಿನಗಾಡಿಯಲ್ಲಿ ಘಾಟಿ ಇಳಿದು ತಲಶ್ಶೇರಿ, ಮಂಗಳೂರಿಗೆ ಹೋಗುತ್ತಿತ್ತು. ಅಲ್ಲೇ ಸಿಪ್ಪೆ ತೆಗೆದು, ಆರಿಸಿ, ಹಡಗಿಗೆ ಹಾಕುತ್ತಿದ್ದರು. ಬೀಜ ಚಿಪ್ಪಿನೊಳಗೆ ಇರುವಷ್ಟು ದಿನ ಕೆಡುವುದಿಲ್ಲ, ಅದಕ್ಕೆ ಬಂದರಿನ ತನಕ ಚಿಪ್ಪು ಉಳಿಸಿಕೊಳ್ಳುತ್ತಿದ್ದರು. ಲಾರಿ, ರಸ್ತೆ, ಒಳ್ಳೆ ಗೋದಾಮು ಬಂದ ಮೇಲೆ ಆ ಕೆಲಸ ಘಟ್ಟದ ಮೇಲಕ್ಕೆ ಬಂತು. ಕಾಫಿ ಅದೇ, ತೋಟ ಅದೇ, ಸಾಗಣೆ ಬದಲಾದ ಕೂಡಲೇ ಕಾರ್ಖಾನೆಯ ಜಾಗ ಬದಲಾಯಿತು. ಇಂದಿಗೂ ಕರಾವಳಿಯಲ್ಲೇ ಉಳಿದದ್ದು ಮಾನ್ಸೂನ್ಡ್ ಮಲಬಾರ್ ಒಂದು. ಮಳೆಗಾಲದಲ್ಲಿ ಗೋದಾಮಿನ ಬಾಗಿಲು ತೆರೆದಿಟ್ಟು ಬೀಜಕ್ಕೆ ಸಮುದ್ರದ ಗಾಳಿ ಕುಡಿಸಿ ಊದಿಸುತ್ತಾರೆ. ಅದಕ್ಕೆ ಆ ಗಾಳಿಯೇ ಕಚ್ಚಾಮಾಲು. ಅದನ್ನು ಎಲ್ಲಿಗೂ ಸಾಗಿಸಲಾಗದು.

ಭೂಗೋಳ ಮೇಷ್ಟ್ರು, ವಿರಾಜಪೇಟೆ:

ಹಿರಿಯರು ಹೇಳಿದ್ದನ್ನೇ ನಾವು ಪಿಯುಸಿ ಮಕ್ಕಳಿಗೆ ಆಲ್ಫ್ರೆಡ್ ವೇಬರ್ ಹೆಸರಲ್ಲಿ ಪಾಠ ಮಾಡುತ್ತೇವೆ. ಜರ್ಮನಿಯವರು, 1909ರಲ್ಲಿ ಬರೆದರು. ತಯಾರಿಕೆಯಲ್ಲಿ ತೂಕ ಕಳೆದುಕೊಳ್ಳುವ ಮಾಲಾದರೆ ಕಾರ್ಖಾನೆ ಕಚ್ಚಾಮಾಲಿನ ಕಡೆ ಎಳೆಯುತ್ತದೆ, ತೂಕ ಏರುವುದಾದರೆ ಮಾರುಕಟ್ಟೆ ಕಡೆ. ಕಬ್ಬಿನಲ್ಲಿ ನೂರಕ್ಕೆ ಹತ್ತರಷ್ಟು ಸಕ್ಕರೆ ಬರುತ್ತದೆ, ಆದ್ದರಿಂದ ಮೈಷುಗರ್ ಸಕ್ಕರೆ ಕಾರ್ಖಾನೆ ಮಂಡ್ಯದಲ್ಲಿ. ಮಂಗಳೂರು ಹೆಂಚು ಇನ್ನೊಂದು ಉದಾಹರಣೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದರು. ನೇತ್ರಾವತಿ ದಂಡೆಯ ಜೇಡಿಮಣ್ಣು, ದೋಣಿಯಲ್ಲಿ ಬರುವ ಸೌದೆ, ಎದುರಿಗೇ ಬಂದರು.

ಭದ್ರಾವತಿಯದು ಇನ್ನೂ ಕುತೂಹಲದ ಕಥೆ. 1923ರಲ್ಲಿ ಕಬ್ಬಿಣ ತಯಾರಿ ಶುರುವಾದಾಗ ಅದಿರು ಕೆಮ್ಮಣ್ಣುಗುಂಡಿಯಿಂದ, ನೀರು ಭದ್ರಾ ನದಿಯಿಂದ. ಕಲ್ಲಿದ್ದಲು ಹತ್ತಿರದಲ್ಲಿ ಎಲ್ಲೂ ಇಲ್ಲ, ಮಲೆನಾಡಿನ ಕಾಡು ಕಡಿದು ಇದ್ದಿಲು ಮಾಡಿ ಕುಲುಮೆ ನಡೆಸಿದರು. ಆ ಕಾಲಕ್ಕೆ ಅದು ಸರಿಯಾದ ಜಾಗ. ಅದೇ ಉಕ್ಕು ಇವತ್ತು ತೋರಣಗಲ್ಲಿನಲ್ಲಿ ದೊಡ್ಡದಾಗಿ ನಡೆಯುತ್ತಿದೆ. ಅದಿರು ಕಾಲ ಬುಡದಲ್ಲಿ, ಕಲ್ಲಿದ್ದಲು ಹಡಗಿನಲ್ಲಿ ಬಂದು ರೈಲು ಹತ್ತುತ್ತದೆ. ಒಂದು ಜಾಗ ಶಾಶ್ವತವಾಗಿ ಒಳ್ಳೆಯದು ಅಂತ ಇರುವುದಿಲ್ಲ.

ಈಗ ನಿಮ್ಮ ದುಗ್ಗಿರಾಲದ ಪ್ರಶ್ನೆಗೆ ಬರುತ್ತೇನೆ. ಒಂದು ಕೆಜಿ ಇನ್‌ಸ್ಟಂಟ್‌ಗೆ ಸುಮಾರು 2.6 ಕೆಜಿ ಹಸಿರು ಬೀಜ (ಹುರಿಯದ ಕ್ಲೀನ್ ಕಾಫಿ) ಎಂದು ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಲೆಕ್ಕ ಇಡುತ್ತದೆ. ಅರ್ಧಕ್ಕಿಂತ ಜಾಸ್ತಿ ತೂಕ ನಷ್ಟ. ವೇಬರ್ ಪ್ರಕಾರ ಈ ಕಾರ್ಖಾನೆ ಕೊಡಗಿನಲ್ಲೇ ಇರಬೇಕಿತ್ತು! ಇಲ್ಲ ಅಂದಮೇಲೆ ತೂಕ ಬಿಟ್ಟು ಬೇರೆ ಏನೋ ತೀರ್ಮಾನ ಮಾಡುತ್ತಿದೆ.

ಮೊದಲನೆಯದು, ಬೆಲೆಗೆ ಹೋಲಿಸಿದರೆ ಹಸಿರು ಬೀಜದ ಸಾಗಣೆ ವೆಚ್ಚ ತೀರ ಸಣ್ಣದು. ಕಬ್ಬು ಅಗ್ಗದ, ಭಾರದ, ಬೇಗ ಕೆಡುವ ಮಾಲು, ಮಿಲ್ ಅದರ ಹತ್ತಿರವೇ ಹೋಗಬೇಕು. ಹಸಿರು ಬೀಜ ದುಬಾರಿ ಮಾಲು, ತೇವ ತಾಗದಂತೆ ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಐನೂರು ಕಿಲೋಮೀಟರ್ ಹೋದರೂ ಕೆಜಿಗೆ ಬೀಳುವ ಬಾಡಿಗೆ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ಇದಕ್ಕಿಂತ ಮುಖ್ಯ. ಇನ್‌ಸ್ಟಂಟ್ ಮಾಡುವ ಕಂಪನಿಗೆ ಕೊಡಗಿನ ಬೀಜ ಮಾತ್ರ ಸಾಲದು. ಕೊಳ್ಳುವ ದೇಶ ಕೇಳುವ ರುಚಿಗೆ, ಬೆಲೆಗೆ ತಕ್ಕಂತೆ ಬೇರೆ ಬೇರೆ ಬೀಜ ಬೆರೆಸುತ್ತಾರೆ. ಹೊರದೇಶದಿಂದ ಬೀಜ ತಂದು, ಇನ್‌ಸ್ಟಂಟ್ ಮಾಡಿ, ಮತ್ತೆ ರಫ್ತು ಮಾಡುವ ವ್ಯವಹಾರ ನಮ್ಮಲ್ಲಿ ದೊಡ್ಡದಾಗಿದೆ. ಹಡಗಿನಲ್ಲಿ ಬರುವ ಬೀಜವನ್ನು ಘಟ್ಟ ಹತ್ತಿಸಿ, ಪುಡಿ ಮಾಡಿ, ಮತ್ತೆ ಘಟ್ಟ ಇಳಿಸುವುದು ಯಾಕೆ? ಕಚ್ಚಾಮಾಲು ಹಲವು ಕಡೆಯಿಂದ ಬರುವಾಗ ಯಾವ ಒಂದು ತೋಟದ ಜಿಲ್ಲೆಗೂ ವಿಶೇಷ ಲಾಭ ಇಲ್ಲ.

ಉಳಿದದ್ದು ನೀರು, ಹಬೆ, ಕರೆಂಟ್. ಕಾಫಿ ಕಷಾಯ ತೆಗೆದು ಅದರ ನೀರನ್ನೆಲ್ಲ ಮತ್ತೆ ಆವಿ ಮಾಡಬೇಕು. ದಿನವಿಡೀ ಬಾಯ್ಲರ್ ಉರಿಯಬೇಕು. ಫ್ರೀಜ್ ಡ್ರೈ (ಹೆಪ್ಪುಗಟ್ಟಿಸಿ ಒಣಗಿಸುವುದು) ಆದರೆ ಕರೆಂಟ್ ಇನ್ನೂ ಜಾಸ್ತಿ. ಮಧ್ಯದಲ್ಲಿ ನಿಲ್ಲಿಸಿದರೆ ಆ ಹೊತ್ತಿನ ಮಾಲು ಹಾಳು. ನಂಜನಗೂಡಿಗೆ ಕಪಿಲೆ ನೀರಿದೆ, ರೈಲಿದೆ, ಮೈಸೂರು ಪಕ್ಕದಲ್ಲಿದೆ, ಕೊಡಗು ವಯನಾಡು ಎರಡರ ಕಾಫಿಗೂ ಹತ್ತಿರ. ನಮ್ಮ ಜಿಲ್ಲೆಯಲ್ಲಿ ಒಂದು ರೈಲು ನಿಲ್ದಾಣ ಇಲ್ಲ. ಮೈಸೂರು ಕುಶಾಲನಗರ ಮಾರ್ಗದ ಮಾತು ಕೇಳುತ್ತಲೇ ಇದ್ದೇವೆ. ಮಂಗಳೂರು ಬಂದರು ಮಡಿಕೇರಿಯಿಂದ ನೂರೈವತ್ತು ಕಿಲೋಮೀಟರ್ ಒಳಗೇ ಇದೆ, ಆದರೆ ಸಂಪಾಜೆ ಘಾಟಿಯಲ್ಲಿ ಮಳೆಗಾಲಕ್ಕೆ ಭಾರಿ ವಾಹನ ನಿಲ್ಲಿಸುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆಯೇ ಮುಚ್ಚಿತ್ತು. ಹಡಗಿನ ದಿನಾಂಕಕ್ಕೆ ಕಂಟೇನರ್ ಮುಟ್ಟಿಸುವ ಒಪ್ಪಂದ ಮಾಡಿಕೊಂಡ ಕಂಪನಿ ಆ ಅಪಾಯಕ್ಕೆ ಕೈ ಹಾಕುವುದಿಲ್ಲ.

ಸುಂಟಿಕೊಪ್ಪ ಹುಡುಗ:

ಮೇಷ್ಟ್ರೇ, ಎಲ್ಲ ಸರಿ. ಆದರೆ ಇದನ್ನು ಓದಿದರೆ ಇಲ್ಲಿ ಏನೂ ಬರುವುದಿಲ್ಲ, ಬರುವುದೂ ಬೇಡ ಅನ್ನುವ ಹಾಗೆ ಕೇಳುತ್ತದೆ. ತೋಟ ಇರುವವರಿಗೆ ಅದು ನಡೆಯುತ್ತದೆ. ನಮ್ಮಂಥವರಿಗೆ ತೋಟ ಇಲ್ಲ. ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದಿದ್ದು ಇದೇ ಜಿಲ್ಲೆಯಲ್ಲಿ, ಕೆಲಸ ಮಾಡುತ್ತಿರುವುದು ಬಿಡದಿಯಲ್ಲಿ. ನನ್ನ ಕ್ಲಾಸಿನವರು ಹೆಚ್ಚಿನವರು ಮೈಸೂರು, ಬೆಂಗಳೂರು. ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂದರೆ ರಾತ್ರಿ ಬಸ್ ಹತ್ತಬೇಕು. ಸರ್ಕಾರ ಮನಸ್ಸು ಮಾಡಿದರೆ ರಿಯಾಯಿತಿ ಕೊಟ್ಟು ಕಾರ್ಖಾನೆ ತರಬಹುದಲ್ವಾ? ಟಾಟಾ ನ್ಯಾನೋ 2008ರಲ್ಲಿ ಸಿಂಗೂರು ಬಿಟ್ಟು ಗುಜರಾತಿನ ಸಾಣಂದಕ್ಕೆ ಹೋಯಿತು, ಅಲ್ಲಿ ಕಬ್ಬಿಣದ ಗಣಿ ಇತ್ತಾ? ಸರ್ಕಾರ ಜಾಗ ಕೊಟ್ಟಿತು, ಹೋದರು.

ಭೂಗೋಳ ಮೇಷ್ಟ್ರು, ವಿರಾಜಪೇಟೆ:

ನಿಮ್ಮ ಮಾತು ನನಗೆ ತಾಗಿತು. ಬೇಡ ಅನ್ನುವುದು ನನ್ನ ಅಭಿಪ್ರಾಯ ಅಲ್ಲವೇ ಅಲ್ಲ. ನನ್ನ ವಿದ್ಯಾರ್ಥಿಗಳೂ ಊರು ಬಿಡುತ್ತಾರೆ, ಪ್ರತಿ ವರ್ಷ ನೋಡುತ್ತೇನೆ.

ಸರ್ಕಾರದ ಕೈವಾಡ ದೊಡ್ಡದು, ಒಪ್ಪುತ್ತೇನೆ. ಬೆಂಗಳೂರಲ್ಲಿ ಕಬ್ಬಿಣ ಇಲ್ಲ, ಕಲ್ಲಿದ್ದಲು ಇಲ್ಲ, ಬಂದರು ಇಲ್ಲ. ಆದರೂ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಒಂದರ ಹಿಂದೆ ಒಂದು ಬಂದವು. ಗಡಿಯಿಂದ, ಸಮುದ್ರದಿಂದ ದೂರ ಇರುವ ಊರು, ತಂಪು ಹವೆ, 1909ರಿಂದಲೇ ವಿಜ್ಞಾನ ಸಂಸ್ಥೆ, ಓದಿದ ಜನ. ಒಂದು ಬಂದ ಮೇಲೆ ಅದಕ್ಕೆ ಬಿಡಿಭಾಗ ಮಾಡುವವರು, ಅವರಿಂದ ಪೀಣ್ಯ. ನಿಮ್ಮ ಬಿಡದಿ ಕೂಡ ಬೆಂಗಳೂರಿನ ನೆರಳಲ್ಲೇ ಬೆಳೆದದ್ದು.

ಆದರೆ ರಿಯಾಯಿತಿಗೂ ಒಂದು ಮಿತಿ ಇದೆ. ಹಿಮಾಚಲ ಪ್ರದೇಶ ನೋಡಿ. 2003ರಲ್ಲಿ ಕೇಂದ್ರ ಸರ್ಕಾರ ಆ ಗುಡ್ಡಗಾಡು ರಾಜ್ಯಕ್ಕೆ ತೆರಿಗೆ ರಿಯಾಯಿತಿ ಕೊಟ್ಟಿತು. ಔಷಧಿ ಕಂಪನಿಗಳು ಸಾಲುಗಟ್ಟಿ ಬಂದವು. ಅವು ಎಲ್ಲಿ ಕೂತವು? ಬದ್ದಿ, ಕಾಲಾ ಅಂಬ್, ಪಾಂವಟಾ ಸಾಹಿಬ್. ಮೂರೂ ಬೆಟ್ಟ ಮುಗಿದು ಬಯಲು ಶುರುವಾಗುವ ಅಂಚಿನಲ್ಲಿವೆ. ರಿಯಾಯಿತಿ ಬೆಟ್ಟದ ರಾಜ್ಯದ್ದು, ರಸ್ತೆ ಮತ್ತು ಜಾಗ ಬಯಲಿನದು, ಎರಡೂ ಒಟ್ಟಿಗೆ ಸಿಗುವ ಗೆರೆ ಹುಡುಕಿಕೊಂಡು ಬಂದರು. ನಮ್ಮ ಜಿಲ್ಲೆಯಲ್ಲಿ ಆ ಗೆರೆ ಎಂದರೆ ಕುಶಾಲನಗರ. ಆದ್ದರಿಂದ ಕೊಡಗಿಗೆ ಕೈಗಾರಿಕೆ ಬರಲಿ ಅಂತ ಕೇಳುವವರು ಕುಶಾಲನಗರಕ್ಕೆ ರೈಲು, ನಿಲ್ಲದ ಕರೆಂಟ್, ಕೊಳಕು ನೀರು ಶುದ್ಧ ಮಾಡುವ ಸಾಮೂಹಿಕ ಘಟಕ ಕೇಳಬೇಕು. ಇವು ಬಂದರೆ ನಿಮ್ಮಂಥ ಡಿಪ್ಲೊಮಾ ಓದಿದವರಿಗೆ ಕಾಫಿ ಯಂತ್ರ, ಪಲ್ಪರ್, ಡ್ರೈಯರ್ ತಯಾರಿಸುವ, ರಿಪೇರಿ ಮಾಡುವ ಕೆಲಸವೂ ಹುಟ್ಟುತ್ತದೆ. ತೋಟದ ಯಂತ್ರ ಕೆಟ್ಟರೆ ಕೊಯ್ಲಿನ ಹೊತ್ತಲ್ಲಿ ಬಿಡಿಭಾಗ ಹುಡುಕಿ ಅಲೆಯುವ ಬೆಳೆಗಾರರು ಎಷ್ಟು ಜನ!

ಗೋಣಿಕೊಪ್ಪ ರೋಸ್ಟರ್:

ನಾನು ಗೋಣಿಕೊಪ್ಪದ ಹತ್ತಿರ ಸಣ್ಣ ರೋಸ್ಟಿಂಗ್ ಘಟಕ ನಡೆಸುತ್ತೇನೆ. ಪುಸ್ತಕದ ಮಾತು ಮೇಷ್ಟ್ರು ಹೇಳಿದ್ದಾರೆ, ನಾನು ನೆಲದ ಮಾತು ಹೇಳುತ್ತೇನೆ.

ಹಸಿರು ಬೀಜ ಕಾಯುತ್ತದೆ, ಹುರಿದ ಬೀಜ ಕಾಯುವುದಿಲ್ಲ. ಹುರಿದ ಮೇಲೆ ಕೆಲವು ವಾರದಲ್ಲಿ ಘಮ ಇಳಿಯುತ್ತದೆ, ಪುಡಿ ಮಾಡಿದರೆ ಇನ್ನೂ ಬೇಗ. ಹುರಿಯುವಾಗ ತೂಕ ನೂರಕ್ಕೆ ಹದಿನೈದು ಇಪ್ಪತ್ತು ಇಳಿಯುತ್ತದೆ, ಆದರೆ ಬೀಜ ಉಬ್ಬಿ ಜಾಗ ಜಾಸ್ತಿ ಹಿಡಿಯುತ್ತದೆ. ಅದಕ್ಕೇ ಹುರಿಯುವ ಕೆಲಸ ಕುಡಿಯುವವರ ಹತ್ತಿರ ಇರುತ್ತದೆ. ಬೆಂಗಳೂರು, ಮೈಸೂರಿನ ಬೀದಿ ಬೀದಿಯಲ್ಲಿ ಕಾಫಿ ಪುಡಿ ಅಂಗಡಿ ಇರುವುದು ಇದಕ್ಕೇ. ಹಾಗಾದರೆ ನಾನು ಇಲ್ಲಿ ಹೇಗೆ ನಡೆಸುತ್ತಿದ್ದೇನೆ? ಕೊಳ್ಳುವವರು ಇಲ್ಲಿಗೇ ಬರುತ್ತಾರೆ. ಪ್ರವಾಸಿಗಳು ಹೋಂಸ್ಟೇಯಿಂದ ಹೊರಡುವಾಗ ಪ್ಯಾಕೆಟ್ ಬೇಕು ಅನ್ನುತ್ತಾರೆ. ಮತ್ತೆ ಕೂರ್ಗ್ ಅರೇಬಿಕಾಗೆ 2019ರಲ್ಲಿ ಜಿಐ (ಬೆಳೆದ ಜಾಗದ ಹೆಸರಿನ ಅಧಿಕೃತ ಗುರುತು) ಸಿಕ್ಕಿದೆ, ದೂರದ ಊರಿನವರಿಗೂ ಯಾವ ತೋಟದ್ದು ಅನ್ನುವುದು ಮುಖ್ಯ. ಅವರಿಗೆ ಕೊರಿಯರ್ ಮಾಡುತ್ತೇನೆ. ಅಂದರೆ ನನಗೆ ಜಾಗ ಆರಿಸುವಾಗ ಲೆಕ್ಕಕ್ಕೆ ಬಂದದ್ದು ಮುಖ್ಯ ರಸ್ತೆ ಮತ್ತು ಕೊರಿಯರ್‌ನವರು ಪ್ರತಿ ದಿನ ಬರುತ್ತಾರಾ ಅನ್ನುವುದು. ತೋಟದೊಳಗೆ ಅವರು ಬರುವುದಿಲ್ಲ, ಸಂಜೆ ಐದಕ್ಕೆ ನೀವೇ ಜೀಪಲ್ಲಿ ತಂದು ಕೊಡಬೇಕಾಗುತ್ತದೆ.

ಮಾದಾಪುರದವರೇ, ಸ್ವಂತ ಜಾಗ ಇದೆ ಅಂದಿರಿ. ಅದು ಯಾವ ಜಾಗ ಅಂತ ಮೊದಲು ಪಹಣಿ ನೋಡಿ. ಜಮ್ಮಾ ಬಾಣೆ (ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ) ಆಗಿದ್ದರೆ, ಕುಟುಂಬದ ಎಲ್ಲರ ಹೆಸರೂ ಇದ್ದರೆ, ಬ್ಯಾಂಕ್ ಸಾಲಕ್ಕೆ ಕೂರುವಾಗ ಕಷ್ಟ ಆಗುತ್ತದೆ. ಕೃಷಿ ಜಮೀನಲ್ಲಿ ಕಾರ್ಖಾನೆ ಕಟ್ಟಲು ಭೂ ಪರಿವರ್ತನೆ ಬೇಕಾಗಬಹುದು. ಕೈಗಾರಿಕಾ ಪ್ರದೇಶದಲ್ಲಿ ಈ ತಲೆನೋವು ಇರುವುದಿಲ್ಲ. ಆ ಪ್ಲಾಟಿಗೆ ಕೊಡುವ ದುಡ್ಡಲ್ಲಿ ಅರ್ಧ ಈ ನೆಮ್ಮದಿಗೇ ಅಂದುಕೊಳ್ಳಿ. ಹಾಗೆಯೇ ತ್ರೀ ಫೇಸ್ ಕರೆಂಟ್. ಜೂನ್ ಬಂತೆಂದರೆ ನಮ್ಮಲ್ಲಿ ಮರ ಬಿದ್ದು ಲೈನ್ ಹೋಗುತ್ತದೆ, ಒಮ್ಮೊಮ್ಮೆ ದಿನಗಟ್ಟಲೆ. ಡ್ರಮ್‌ನಲ್ಲಿ ಬೀಜ ಬಿಸಿಯಾಗಿರುವಾಗ ಕರೆಂಟ್ ಹೋದರೆ ತಿರುಗುವುದು ನಿಂತು ಕೆಳಗಿನದು ಕರಕಲಾಗುತ್ತದೆ. ಜನರೇಟರ್ ಇಲ್ಲದೆ ಹುರಿಯಲು ನಿಲ್ಲಲೇಬೇಡಿ.

ಮಾದಾಪುರ ರೊಬಸ್ಟಾ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ನಮ್ಮ ಗುಂಪಿಗೂ ಓದಿ ಹೇಳಿದೆ. ಈಗ ಯೋಚನೆ ಹೀಗಿದೆ: ಪಲ್ಪಿಂಗ್, ಒಣಗಿಸುವುದು ಅವರವರ ತೋಟದಲ್ಲಿ. ಹಲ್ಲಿಂಗ್, ಹುರಿಯುವುದು, ಪ್ಯಾಕಿಂಗ್ ಕುಶಾಲನಗರದಲ್ಲಿ. ಇನ್‌ಸ್ಟಂಟ್ ಆಸೆ ಸದ್ಯಕ್ಕೆ ಬಿಟ್ಟೆವು. ಎರಡು ಸಂಶಯ ಉಳಿದಿವೆ. ಸಬ್ಸಿಡಿ ಎಲ್ಲಿ ಜಾಸ್ತಿ ಅನ್ನುವುದನ್ನು ನೋಡಿ ಪಿರಿಯಾಪಟ್ಟಣ ಆರಿಸಿ ಅಂತ ಭಾವ ಈಗಲೂ ಹೇಳುತ್ತಿದ್ದಾರೆ. ಮತ್ತೆ ಎಲ್ಲರ ಹಣ್ಣನ್ನೂ ಒಂದೇ ಕಡೆ ಪಲ್ಪ್ ಮಾಡಿದರೆ ರುಚಿ ಒಂದೇ ಥರ ಬರುತ್ತದೆ, ಅದನ್ನೂ ಕುಶಾಲನಗರಕ್ಕೆ ಒಯ್ಯೋಣವೇ ಅಂತ ಒಬ್ಬರು ಕೇಳಿದರು.

ಗೋಣಿಕೊಪ್ಪ ರೋಸ್ಟರ್:

ಸಬ್ಸಿಡಿ ಬಗ್ಗೆ: ನಮ್ಮಂಥ ಸಣ್ಣವರು ಹೆಚ್ಚಾಗಿ ಹೋಗುವುದು ಪಿಎಂಎಫ್‌ಎಂಇ ಯೋಜನೆಗೆ. ಸಣ್ಣ ಆಹಾರ ಘಟಕಗಳಿಗೆ ಕೇಂದ್ರ ಸರ್ಕಾರ ತಂದದ್ದು ಅದು, ಅದರ ಮೂಲ ಸಬ್ಸಿಡಿ ಯೋಜನೆ ವೆಚ್ಚದ 35%, ಗರಿಷ್ಠ 10 ಲಕ್ಷ ಅಂತ ಇತ್ತು. ಒಬ್ಬೊಬ್ಬರ ಘಟಕಕ್ಕೆ ಅದು ದೇಶದಲ್ಲೆಲ್ಲಾ ಒಂದೇ, ಕೊಡಗಾದರೂ ಪಿರಿಯಾಪಟ್ಟಣ ಆದರೂ. ಎರಡೂ ಕಡೆ ಒಂದೇ ಸಿಗುವುದನ್ನು ನೋಡಿ ಜಾಗ ಆರಿಸುವುದಕ್ಕೆ ಆಗುವುದಿಲ್ಲ. ಗುಂಪಾಗಿ ಹೋದರೆ ನಿಯಮ ಬೇರೆ ಇರುತ್ತದೆ, ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ, ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಪಿರಿಯಾಪಟ್ಟಣದಲ್ಲಿ ಜಾಗ ಅಗ್ಗ ಇರಬಹುದು. ಆದರೆ ನಿಮ್ಮ ಪ್ಯಾಕೆಟ್ ಮೇಲೆ ತಯಾರಿಸಿದ ಸ್ಥಳ ಅಂತ ವಿಳಾಸ ಬರುತ್ತದಲ್ಲ, ಅಲ್ಲಿ ಕೊಡಗು ಅಂತ ಇದ್ದರೆ ಕೊಳ್ಳುವವರಿಗೆ ಬೇರೆ. ನನ್ನ ಗಿರಾಕಿಗಳು ಅದನ್ನು ತಿರುಗಿಸಿ ಓದುತ್ತಾರೆ.

ಹಳೇ ಕ್ಯೂರಿಂಗ್:

ಪಲ್ಪಿಂಗ್ ಕುಶಾಲನಗರಕ್ಕೆ ತರಬೇಡ ತಮ್ಮ. ನಾನು ಮೊದಲೇ ಹೇಳಿದ ಹಣ್ಣಿನ ತೂಕ ಒಂದು ಕಾರಣ. ಇನ್ನೊಂದು, ಅದರ ನೀರು. ಪಲ್ಪರ್‌ನಿಂದ ಬರುವ ನೀರು ಸಿಹಿ ಅಂಟು, ಹುಳಿಯುತ್ತದೆ, ಹೊಳೆ ಸೇರಿದರೆ ನೀರಿನ ಆಮ್ಲಜನಕ ಎಳೆದು ಮೀನು ಸಾಯುತ್ತವೆ. ಕುಶಾಲನಗರದಲ್ಲಿ ಪಕ್ಕದಲ್ಲೇ ಕಾವೇರಿ. ಆ ನೀರನ್ನು ಕೆಳಗಿನ ಊರುಗಳೆಲ್ಲ ಕುಡಿಯುತ್ತವೆ. ಹತ್ತು ತೋಟದ ಕೊಳಕು ಒಂದೇ ಕಡೆ ಬಿದ್ದರೆ ಅದನ್ನು ಶುದ್ಧ ಮಾಡುವ ಖರ್ಚೇ ನಿಮ್ಮ ಲಾಭ ತಿಂದುಬಿಡುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯೂ ಬೇರೆ. ತೋಟದಲ್ಲೇ ಆದರೆ ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಕಡಿಮೆ ಮಾಡಿ, ಸಿಪ್ಪೆಯನ್ನು ಗೊಬ್ಬರ ಮಾಡಿಕೊಳ್ಳಬಹುದು. ರುಚಿ ಒಂದೇ ಥರ ಬರಬೇಕು ಅಂದರೆ ಎಲ್ಲರೂ ಹಣ್ಣಾದದ್ದನ್ನೇ ಕೊಯ್ಯಿರಿ, ಎಷ್ಟು ಗಂಟೆ ಹುಳಿಸಬೇಕು, ಎಷ್ಟು ತೇವಕ್ಕೆ ಒಣಗಿಸಬೇಕು ಅಂತ ಒಂದು ಕಟ್ಟಳೆ ಮಾಡಿಕೊಳ್ಳಿ, ಒಂದು ಮಾಯಿಶ್ಚರ್ ಮೀಟರ್ ತಗೊಂಡು ಎಲ್ಲರ ಕಣಕ್ಕೂ ತಿರುಗಿಸಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ನಿಮಗೆ ದೂರವೇನಲ್ಲ, ಹೋಗಿ ಕೇಳಿ.

ಪ್ಲಾಟ್ ತಗೊಳ್ಳುವ ಮೊದಲು ಒಂದು ಸೀಸನ್ ಶೆಡ್ ಬಾಡಿಗೆಗೆ ಹಿಡಿಯಿರಿ. ಹಲ್ಲಿಂಗ್‌ಗೆ ಸ್ವಂತ ಯಂತ್ರ ಬೇಡ, ಮೊದಲ ವರ್ಷ ಕ್ಯೂರಿಂಗ್‌ನವರಿಗೆ ಕೂಲಿ ಕೊಟ್ಟು ಮಾಡಿಸಿ, ನಿಮ್ಮ ಲಾಟ್ ಬೇರೆ ಇಡಲು ಹೇಳಿ. ಶೆಡ್ ನೋಡಲು ಫೆಬ್ರವರಿಯಲ್ಲಿ ಹೋಗಬೇಡಿ, ಆಗ ಎಲ್ಲ ಶೆಡ್ಡೂ ಚೆನ್ನಾಗೇ ಕಾಣುತ್ತದೆ. ಜುಲೈ ಕೊನೆಯಲ್ಲಿ ಹೋಗಿ ಗೋಡೆ ಮುಟ್ಟಿ ನೋಡಿ, ಲಾರಿ ತಿರುಗುವ ಜಾಗದಲ್ಲಿ ಕೆಸರು ಎಷ್ಟಿದೆ ನೋಡಿ, ಹಿಂದಿನ ವಾರ ಕರೆಂಟ್ ಎಷ್ಟು ಹೊತ್ತು ಇರಲಿಲ್ಲ ಅಂತ ಪಕ್ಕದ ಶೆಡ್‌ನವರನ್ನು ಕೇಳಿ. ನನ್ನನ್ನು ಕರೆದರೆ ನಾನೂ ಬರುತ್ತೇನೆ.